ಓದುಗರ ಪ್ರಶ್ನೆ, ವೈದ್ಯರ ಉತ್ತರ: ಅಮೃತಬಳ್ಳಿ, ಅರಿಶಿನ ಮತ್ತು ಮಿದುಳಿನ ಉರಿಯೂತ

ಮಿದುಳಿನ ಉರಿಯೂತವನ್ನು ಸಹಜ ಪದಾರ್ಥಗಳಿಂದ ತಗ್ಗಿಸಬಹುದೇ ಎಂದು ಕೇಳಿ ಈ ತಿಂಗಳು ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಐವರೂ ‘ಉರಿಯೂತ’ ಎಂಬ ಒಂದೇ ಪದವನ್ನು ಬಳಸಿದ್ದಾರೆ, ಆದರೆ ಐವರ ಕಾಯಿಲೆಯೂ ಒಂದಲ್ಲ. ಆದ್ದರಿಂದ ಒಬ್ಬರಿಗೆ ಕೊಟ್ಟ ಉತ್ತರವನ್ನು ಇನ್ನೊಬ್ಬರು ತಮಗೆ ಅನ್ವಯಿಸಿಕೊಳ್ಳಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನನ್ನ ಮಗಳಿಗೆ 22 ವರ್ಷ. ನಾಲ್ಕು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟಳು, ಯಾರೋ ತನ್ನನ್ನು ಕರೆಯುತ್ತಿದ್ದಾರೆ ಎನ್ನತೊಡಗಿದಳು. ಮನಸ್ಸಿನ ಕಾಯಿಲೆ ಎಂದುಕೊಂಡೆವು. ಆಮೇಲೆ ಫಿಟ್ಸ್ ಬಂತು. ದೊಡ್ಡ ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿ, ‘ಎನ್‌ಎಂಡಿಎ ಆಟೊಇಮ್ಯೂನ್ ಎನ್ಸೆಫಲೈಟಿಸ್’ ಎಂದು ಹೇಳಿ ಇಂಜೆಕ್ಷನ್ ಕೊಟ್ಟರು. ಈಗ ಸುಧಾರಿಸಿದ್ದಾಳೆ, ಸ್ಟೀರಾಯ್ಡ್ ಮಾತ್ರೆಯನ್ನು ನಿಧಾನವಾಗಿ ಇಳಿಸುತ್ತಿದ್ದಾರೆ. ಸ್ಟೀರಾಯ್ಡ್‌ನಿಂದ ಮುಖ ಊದಿದೆ. ನಮ್ಮ ಅತ್ತಿಗೆಯವರು, ಅದನ್ನು ನಿಲ್ಲಿಸಿ ರೋಗನಿರೋಧಕ ಶಕ್ತಿ ಹೆಚ್ಚಲು ಅಮೃತಬಳ್ಳಿ ಕಷಾಯ ಕೊಡಿ ಎನ್ನುತ್ತಾರೆ. ಎರಡು ವಾರದಿಂದ ಕೊಡುತ್ತಿದ್ದೇನೆ. ಮಾತ್ರೆ ಬಿಡಿಸಬಹುದೇ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮೃತಬಳ್ಳಿಯನ್ನು ಇಂದೇ ನಿಲ್ಲಿಸಿ. ಸ್ಟೀರಾಯ್ಡ್ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟ ಕ್ರಮದಲ್ಲಿಯೇ ಮುಂದುವರಿಸಿ, ಒಂದು ದಿನವೂ ತಪ್ಪಿಸಬೇಡಿ. ಇಷ್ಟನ್ನು ಮೊದಲು ಹೇಳಿ, ಕಾರಣವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಅತ್ತಿಗೆಯವರ ಮಾತನ್ನು ಆಡುವವರು ನಾಡಿನ ಪ್ರತಿಯೊಂದು ಮನೆಯಲ್ಲೂ ಇದ್ದಾರೆ ಮತ್ತು ಅವರೆಲ್ಲರೂ ಒಳ್ಳೆಯದನ್ನೇ ಬಯಸಿ ಆಡುತ್ತಾರೆ.

ಮಿದುಳಿನೊಳಗೆ ಮೈಕ್ರೋಗ್ಲಿಯಾ ಎಂಬ ಸಣ್ಣ ಕೋಶಗಳಿವೆ. ಸ್ಪೇನ್ ದೇಶದ ಪಿಯೊ ದೆಲ್ ರಿಯೊ ಓರ್ತೇಗ 1919ರಲ್ಲಿ ಇವುಗಳನ್ನು ಪ್ರತ್ಯೇಕ ಜಾತಿಯ ಕೋಶಗಳೆಂದು ಗುರುತಿಸಿ ಹೆಸರಿಟ್ಟರು. ಇವು ಸತ್ತ ಕೋಶಗಳ ಚೂರುಗಳನ್ನು ಗುಡಿಸುತ್ತವೆ, ಬೇಡವಾದ ನರಸಂಪರ್ಕಗಳನ್ನು ಸವರುತ್ತವೆ, ವೈರಾಣು ಹೊಕ್ಕರೆ ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಸುರಿಸಿ ಕೂಗು ಹಾಕುತ್ತವೆ. ಈ ಕೂಗೇ ಉರಿಯೂತ. ಸೋಂಕು ತಗ್ಗಿದ ಮೇಲೆ ಅದು ತಾನಾಗಿ ಅಡಗಬೇಕು. ನಿಮ್ಮ ಮಗಳಿಗೆ ಬಂದ ಕಾಯಿಲೆಯಲ್ಲಿ ಶತ್ರು ಹೊರಗಿನಿಂದ ಬಂದದ್ದಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ನರಕೋಶದ ಮೇಲೆ ಸಂದೇಶಗಳನ್ನು ಹಿಡಿಯುವ ಎನ್‌ಎಂಡಿಎ ಗ್ರಾಹಕವನ್ನು ಪರಕೀಯವೆಂದು ತಪ್ಪಾಗಿ ತಿಳಿದು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಈ ಕಾಯಿಲೆಯನ್ನು ಯೋಸೆಪ್ ದಲ್ಮಾವು ಮತ್ತು ಸಂಗಡಿಗರು 2007ರಲ್ಲಷ್ಟೇ ವಿವರಿಸಿದರು. ಅದಕ್ಕೂ ಮೊದಲು ಇಂತಹ ಎಷ್ಟು ಹೆಣ್ಣುಮಕ್ಕಳನ್ನು ಹುಚ್ಚೆಂದೋ, ಗಾಳಿ ಸೋಂಕೆಂದೋ ಕೈಬಿಟ್ಟಿರಬಹುದೆಂದು ಯೋಚಿಸಿದರೆ ಸಂಕಟವಾಗುತ್ತದೆ.

ಹೀಗಿರುವಾಗ ‘ರೋಗನಿರೋಧಕ ಶಕ್ತಿ ಹೆಚ್ಚಿಸುವುದು’ ಎಂದರೆ ಏನು ಹೆಚ್ಚಿದಂತಾಯಿತು? ದಾರಿ ತಪ್ಪಿ ಮನೆಯವರ ಮೇಲೆಯೇ ಕೈಮಾಡಿದ ಕಾವಲುಗಾರನಿಗೆ ಇನ್ನೊಂದು ದೊಣ್ಣೆ ಕೊಟ್ಟಂತಾಯಿತು. ಇಂತಹ ಕಾಯಿಲೆಗಳಲ್ಲಿ ಬೇಕಾದದ್ದು ಆ ಶಕ್ತಿಯನ್ನು ತಗ್ಗಿಸುವ ಇಲ್ಲವೇ ತಿದ್ದುವ ಔಷಧಿ: ಸ್ಟೀರಾಯ್ಡ್, ದಾನಿಗಳ ರಕ್ತದಿಂದ ಬೇರ್ಪಡಿಸಿದ ಇಮ್ಯುನೊಗ್ಲಾಬ್ಯುಲಿನ್, ಪ್ಲಾಸ್ಮಾ ಬದಲಾವಣೆ, ಅಗತ್ಯವಿದ್ದರೆ ರೋಗನಿರೋಧಕ ಕೋಶಗಳನ್ನು ತಗ್ಗಿಸುವ ರಿಟುಕ್ಸಿಮ್ಯಾಬ್. 577 ರೋಗಿಗಳನ್ನು ಹಿಂಬಾಲಿಸಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡು ವರ್ಷ ತುಂಬುವ ಹೊತ್ತಿಗೆ ಶೇ. 81ರಷ್ಟು ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು, ಆದರೆ ಶೇ. 12ರಷ್ಟು ಮಂದಿಯಲ್ಲಿ ಅದೇ ಅವಧಿಯಲ್ಲಿ ಕಾಯಿಲೆ ಮರುಕಳಿಸಿತ್ತು. ನಿಮ್ಮ ಮಗಳು ಈಗ ಇರುವುದು ಆ ಅವಧಿಯ ಒಳಗೇ.

ಇನ್ನು ಅಮೃತಬಳ್ಳಿಯ ವಿಷಯ. ಕೋವಿಡ್ ಕಾಲದಲ್ಲಿ ಅದರ ಕಷಾಯ ಕುಡಿಯದ ಮನೆಯೇ ಇರಲಿಲ್ಲ. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬೈಯಲ್ಲಿ, ಇದನ್ನು ಸೇವಿಸಿದ ಬಳಿಕ ಯಕೃತ್ತಿಗೆ ಹಾನಿಯಾದ ಆರು ರೋಗಿಗಳನ್ನು ತಜ್ಞರು ಗುರುತಿಸಿ ಮರುವರ್ಷ ವರದಿ ಮಾಡಿದರು. ಆ ಹಾನಿಯ ಮಾದರಿ, ದೇಹವು ತನ್ನದೇ ಯಕೃತ್ತನ್ನು ಆಕ್ರಮಿಸುವ ಕಾಯಿಲೆಯನ್ನು ಹೋಲುತ್ತಿತ್ತು. ಆಯುಷ್ ಸಚಿವಾಲಯ ಆಕ್ಷೇಪಿಸಿ, ಅವರು ಸೇವಿಸಿದ್ದು ಅಮೃತಬಳ್ಳಿಯಂತೆ ಕಾಣುವ ಬೇರೆ ಬಳ್ಳಿಯಾಗಿರಬಹುದು ಎಂದಿತು. ಆಮೇಲೆ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವರದಿ ಬಂದಿತು ಮತ್ತು ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅದೇ ಮಾದರಿ ಕಂಡಿತು. ಲಕ್ಷಾಂತರ ಜನ ಕುಡಿದಿದ್ದಾರೆ, ಹಾನಿಯಾದದ್ದು ಕೆಲವರಿಗೆ ಎಂಬುದು ನಿಜ. ಆದರೆ ಆಟೊಇಮ್ಯೂನ್ ಪ್ರವೃತ್ತಿ, ಅಂದರೆ ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಪ್ರವೃತ್ತಿ, ಈಗಾಗಲೇ ಸಾಬೀತಾಗಿರುವ ಹುಡುಗಿಯ ಮೇಲೆ ಆ ಪ್ರಯೋಗ ಮಾಡಬೇಕಾಗಿಲ್ಲ. ಕಣ್ಣು ಅಥವಾ ಮೂತ್ರ ಹಳದಿಯಾಗಿದೆಯೇ, ಹಸಿವು ಕುಂದಿದೆಯೇ ಎಂದು ನೋಡಿ, ಎರಡು ವಾರ ಕುಡಿಸಿದ ವಿಷಯವನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಿ, ಒಮ್ಮೆ ಲಿವರ್ ಪರೀಕ್ಷೆ ಮಾಡಿಸಿ.

ಸ್ಟೀರಾಯ್ಡ್‌ನಿಂದ ಮುಖ ಊದುವುದು, ಹಸಿವು ಹೆಚ್ಚುವುದು, ಸಕ್ಕರೆ ಏರುವುದು, ಮೂಳೆ ಸವೆಯುವುದು ಎಲ್ಲವೂ ಸತ್ಯ. ಪ್ರಮಾಣ ಇಳಿದಂತೆ ಮುಖದ ಊತವೂ ಇಳಿಯುತ್ತದೆ. ಆದರೆ ವಾರಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ದೊರೆತಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಪಾಲಿನ ಉತ್ಪಾದನೆಯನ್ನು ನಿಲ್ಲಿಸಿಬಿಟ್ಟಿರುತ್ತದೆ. ಥಟ್ಟನೆ ಮಾತ್ರೆ ಬಿಡಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಮನೆಯವರಾಗಿ ನೀವು ಮಾಡಬಹುದಾದದ್ದು ಬೇಕಾದಷ್ಟಿದೆ: ರಾಗಿ, ಹಾಲು, ಮೊಸರು ಧಾರಾಳವಾಗಿರಲಿ, ಉಪ್ಪು ಮತ್ತು ಸಿಹಿ ಹಿಡಿತದಲ್ಲಿರಲಿ, ರಾತ್ರಿಯ ನಿದ್ದೆ ಕೆಡದಿರಲಿ. ನಿದ್ದೆ ಕೆಟ್ಟರೆ, ಮಾತಿನ ಧಾಟಿ ಮತ್ತೆ ಬದಲಾದರೆ, ಅದನ್ನು ಸಿಟ್ಟು ಸೆಡವು ಎಂದುಕೊಳ್ಳದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಡಾಶಯದ ಸ್ಕ್ಯಾನ್ ಆಗಿದೆಯೇ ಎಂಬುದನ್ನೂ ಕೇಳಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಕೆಲವು ಯುವತಿಯರಲ್ಲಿ ಅಲ್ಲಿನ ಟೆರಟೋಮಾ ಎಂಬ ಗಡ್ಡೆಯೇ ಈ ಕಾಯಿಲೆಯ ಮೂಲವಾಗಿರುತ್ತದೆ ಮತ್ತು ಅದನ್ನು ತೆಗೆಯದ ಹೊರತು ಔಷಧಿಗಳು ಪೂರ್ಣ ಫಲ ಕೊಡುವುದಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನನ್ನ ಪತ್ನಿಗೆ 71 ವರ್ಷ, ಆಲ್ಝೈಮರ್ ಕಾಯಿಲೆಯ ಆರಂಭವೆಂದು ವೈದ್ಯರು ಹೇಳಿದ್ದಾರೆ. ಇದಕ್ಕೂ ಮಿದುಳಿನ ಉರಿಯೂತಕ್ಕೂ ಸಂಬಂಧವಿದೆ ಎಂದು ಓದಿದೆ. ನಮ್ಮ ಹೊಲದಲ್ಲಿಯೇ ಅರಿಶಿನ ಬೆಳೆಯುತ್ತೇವೆ. ದಿನಕ್ಕೆ ಎಷ್ಟು ಅರಿಶಿನ, ಎಷ್ಟು ಮೆಣಸು ಕೊಟ್ಟರೆ ಗುಣ ಕಾಣಬಹುದು?
— ಓದುಗರು, ಚಾಮರಾಜನಗರ

ಉತ್ತರ: ತಾವು ಕೇಳಿದ ಅರಿಶಿನ-ಮೆಣಸಿನ ಲೆಕ್ಕ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿಯೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಂತ ಸ್ವಯಂಸೇವಕರಿಗೆ ಅರಿಶಿನದ ಸತ್ವವಾದ ಕರ್ಕ್ಯುಮಿನ್ 2 ಗ್ರಾಂ ಜೊತೆಗೆ ಮೆಣಸಿನ ಸತ್ವವಾದ ಪಿಪೆರಿನ್ 20 ಮಿಲಿಗ್ರಾಂ ಕೊಟ್ಟಾಗ, ಕರ್ಕ್ಯುಮಿನ್ ದೇಹಕ್ಕೆ ದಕ್ಕುವ ಪ್ರಮಾಣ ಶೇ. 2000ದಷ್ಟು ಏರಿತು. ಇಂದು ಜಗತ್ತಿನ ಮೂಲೆಮೂಲೆಯಲ್ಲಿ ಮಾರಾಟವಾಗುವ ಅರಿಶಿನದ ಕ್ಯಾಪ್ಸೂಲ್‌ಗಳ ಡಬ್ಬಿಯ ಮೇಲೆ ಮೆಣಸಿನ ಚಿತ್ರವಿರುವುದು ಈ ಒಂದು ಸಂಖ್ಯೆಯ ಬಲದಿಂದ.

ಆ ಸಂಖ್ಯೆಯನ್ನು ಶಿಕ್ಷಕರಾದ ತಾವು ತಾಳೆ ನೋಡಬೇಕು. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ ಮೂರು ಪಾಲು. ಹಾಗಾದರೆ 2 ಗ್ರಾಂ ಕರ್ಕ್ಯುಮಿನ್‌ಗೆ ಅರವತ್ತು ಗ್ರಾಂ ದಾಟಿದ ಅರಿಶಿನ ಪುಡಿ ಬೇಕು. ಅಷ್ಟನ್ನು ದಿನವೂ ಯಾರೂ ತಿನ್ನಲಾರರು, ತಿನ್ನಲೂಬಾರದು. ಮೆಣಸಿಲ್ಲದೆ ರಕ್ತದಲ್ಲಿ ಕಂಡದ್ದು ಸೊನ್ನೆಗೆ ಅಂಟಿಕೊಂಡ ಪ್ರಮಾಣ. ಅದನ್ನು ಇಪ್ಪತ್ತರಿಂದ ಗುಣಿಸಿದರೂ ಬಂದದ್ದು ಅಲ್ಪವೇ, ಮತ್ತು ಮೆಣಸಿನ ಪ್ರಭಾವ ಹೆಚ್ಚು ಹೊತ್ತು ಉಳಿಯಲೂ ಇಲ್ಲ. ರಕ್ತಕ್ಕೆ ಬಂದದ್ದು ರಕ್ತ-ಮಿದುಳು ತಡೆಗೋಡೆಯನ್ನು ದಾಟಬೇಕಾದದ್ದು ಬೇರೆಯ ಮಾತು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕರ್ಕ್ಯುಮಿನ್ ಮೈಕ್ರೋಗ್ಲಿಯಾಗಳ ಕೂಗನ್ನು ಚೆನ್ನಾಗಿಯೇ ಅಡಗಿಸುತ್ತದೆ. ಆದರೆ ಆ ತಟ್ಟೆಗೆ ಹೊಟ್ಟೆಯೂ ಇಲ್ಲ, ಯಕೃತ್ತೂ ಇಲ್ಲ.

ರೋಗಿಗಳಲ್ಲಿ ಏನಾಯಿತು? 2012ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 36 ಮಂದಿ ಆಲ್ಝೈಮರ್ ರೋಗಿಗಳು ಭಾಗವಹಿಸಿದ್ದರು. 24 ವಾರಗಳ ಬಳಿಕ, ಕರ್ಕ್ಯುಮಿನ್ ಪಡೆದವರಿಗೂ ಹುಸಿಮಾತ್ರೆ (ಹೋಲಿಕೆಗಾಗಿ ಕೊಡುವ, ಔಷಧಿಯಿಲ್ಲದ ಮಾತ್ರೆ) ಪಡೆದವರಿಗೂ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಲಾಸ್ ಏಂಜಲೀಸ್‌ನವರು ಸುಲಭವಾಗಿ ಹೀರಲ್ಪಡುವ ಹೊಸ ರೂಪದ ಕರ್ಕ್ಯುಮಿನ್ ಅನ್ನು 90 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ 18 ತಿಂಗಳು ಕೊಟ್ಟು ನೆನಪಿನ ಪರೀಕ್ಷೆಯಲ್ಲಿ ಸುಧಾರಣೆ ಕಂಡರು. ಆದರೆ ಅಲ್ಲಿದ್ದವರು 40 ಮಂದಿ, ಅವರಲ್ಲಿ ಯಾರಿಗೂ ಮರೆವಿನ ಕಾಯಿಲೆ ಇರಲಿಲ್ಲ. ಇದನ್ನು ಆಸೆಯ ಎಳೆ ಎನ್ನಬಹುದು, ಚಿಕಿತ್ಸೆ ಎನ್ನಲಾಗದು.

ಉರಿಯೂತ ತಗ್ಗಿಸಿದರೆ ಆಲ್ಝೈಮರ್ ತಗ್ಗುತ್ತದೆ ಎಂಬ ತರ್ಕವೇ ನಾವಂದುಕೊಂಡಷ್ಟು ಸರಳವಲ್ಲ. ಕೀಲುವಾತಕ್ಕಾಗಿ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದವರಲ್ಲಿ ಈ ಕಾಯಿಲೆ ಕಡಿಮೆ ಎಂದು ಕಂಡಾಗ, 70 ದಾಟಿದ ಎರಡೂವರೆ ಸಾವಿರ ಮಂದಿಗೆ ನ್ಯಾಪ್ರಾಕ್ಸೆನ್, ಸೆಲೆಕಾಕ್ಸಿಬ್ ಅಥವಾ ಹುಸಿಮಾತ್ರೆ ಕೊಟ್ಟು ನೋಡಿದರು. ಹೃದಯದ ಅಪಾಯದ ಶಂಕೆಯಿಂದ 2004ರಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಮಿದುಳಿಗೆ ರಕ್ಷಣೆಯೂ ಕಾಣಲಿಲ್ಲ. ಮೈಕ್ರೋಗ್ಲಿಯಾಗಳನ್ನು ಶಾಂತಗೊಳಿಸುವುದೆಂದು ಹೆಸರಾದ ಮಿನೊಸೈಕ್ಲಿನ್ ಎಂಬ ಆಂಟಿಬಯಾಟಿಕ್ ಅನ್ನು ಬ್ರಿಟನ್ನಿನಲ್ಲಿ 544 ರೋಗಿಗಳ ಮೇಲೆ ಎರಡು ವರ್ಷ ಪ್ರಯೋಗಿಸಿದಾಗಲೂ ಫಲ ಶೂನ್ಯ. ಮೈಕ್ರೋಗ್ಲಿಯಾಗಳು ಒಂದು ಕೈಯಲ್ಲಿ ಕೆಡಿಸುತ್ತಾ ಇನ್ನೊಂದು ಕೈಯಲ್ಲಿ ಕಸ ಗುಡಿಸುತ್ತಿರುತ್ತವೆ. ಎರಡೂ ಕೈ ಕಟ್ಟಿದರೆ ಕಸವೂ ಉಳಿದೀತು.

ಅಡುಗೆಯ ಅರಿಶಿನವನ್ನು ಎಂದಿನಂತೆ ಬಳಸಿರಿ, ಮೆಣಸಿನ ಸಾರನ್ನೂ ಮಾಡಿರಿ. ಕ್ಯಾಪ್ಸೂಲ್ ಬೇಡ: ಅಮೆರಿಕದ ಯಕೃತ್ತು ತಜ್ಞರ ಜಾಲವೊಂದು ಅರಿಶಿನದ ಪೂರಕಗಳಿಂದ ಯಕೃತ್ತು ಕೆಟ್ಟ 10 ಪ್ರಕರಣಗಳನ್ನು ವಿವರಿಸಿದೆ. ತಮ್ಮದೇ ಹೊಲದ ಅರಿಶಿನವಿರುವುದು ಒಂದು ಪುಣ್ಯ. ಬಣ್ಣ ಹೊಳೆಯಲೆಂದು ಕೊಂಬಿಗೆ ಸೀಸದ ಕ್ರೋಮೇಟ್ ಹಚ್ಚುವ ಚಾಳಿ ಬಾಂಗ್ಲಾದೇಶದಲ್ಲಿ 2019ರಲ್ಲಿ ಬಯಲಾಯಿತು, ನಮ್ಮ ದೇಶದ ಕೆಲವು ಪಟ್ಟಣಗಳ ಮಾದರಿಗಳಲ್ಲೂ ಸೀಸ ಸಿಕ್ಕಿದೆ. ಮಿದುಳನ್ನು ಉಳಿಸಲೆಂದು ಕೊಂಡ ಪುಡಿಯಲ್ಲಿ ಮಿದುಳಿಗೆ ವಿಷವಾದ ಸೀಸವಿದ್ದರೆ ಏನು ಹೇಳುವುದು! ತಮ್ಮ ಪತ್ನಿಯವರ ಕಿವಿ ಮತ್ತು ಕಣ್ಣಿನ ಪರೀಕ್ಷೆ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳ ಹತೋಟಿ, ದಿನವೂ ಜೊತೆಯಲ್ಲಿ ನಡಿಗೆ, ಇವುಗಳಿಗೆ ಹೆಚ್ಚಿನ ಗಮನ ಕೊಡಿರಿ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆವಿನ ಕಾಯಿಲೆಗೆ ಕಾರಣವಾಗುವ ಮತ್ತು ಬದಲಿಸಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಇವುಗಳಿಗೆ ಸಂಬಂಧಿಸಿದವೆಲ್ಲವೂ ಇವೆ.

ಪ್ರಶ್ನೆ: ಹದಿನೈದು ವರ್ಷದಿಂದ ಅಪಸ್ಮಾರಕ್ಕೆ ಫೆನಿಟೊಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಫಿಟ್ಸ್‌ಗೆ ಉರಿಯೂತವೂ ಕಾರಣವೆಂದು ಕೇಳಿ ಮೆಣಸಿನ ಸತ್ವ ಸೇರಿಸಿದ ಅರಿಶಿನದ ಮಾತ್ರೆ ಆರಂಭಿಸಿದೆ. ಒಂದು ತಿಂಗಳಿನಿಂದ ತಲೆ ತೂಗಿದಂತಾಗುತ್ತದೆ, ನಡೆಯುವಾಗ ಓಲಾಡುತ್ತೇನೆ. ಇದು ಅಶಕ್ತಿಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಅಶಕ್ತಿ ಎಂದು ತೋರುತ್ತಿಲ್ಲ, ಫೆನಿಟೊಯಿನ್ ರಕ್ತದಲ್ಲಿ ಏರಿರುವ ಸಾಧ್ಯತೆಯಿದೆ. ಮೆಣಸಿನ ಸತ್ವ ಕರ್ಕ್ಯುಮಿನ್ ಅನ್ನು ಹೆಚ್ಚಿಸುವುದು ಯಕೃತ್ತು ಮತ್ತು ಕರುಳಿನ ಔಷಧ ವಿಲೇವಾರಿ ಕೆಲಸವನ್ನು ತಡೆಯುವುದರ ಮೂಲಕ. ಆ ತಡೆ ಅರಿಶಿನಕ್ಕಷ್ಟೇ ಎಂದು ಗೆರೆ ಎಳೆದುಕೊಂಡು ಕೂರುವುದಿಲ್ಲ. ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯವರು ಫೆನಿಟೊಯಿನ್ ಸೇವಿಸುತ್ತಿದ್ದ ಅಪಸ್ಮಾರ ರೋಗಿಗಳಿಗೆ 20 ಮಿಲಿಗ್ರಾಂ ಪಿಪೆರಿನ್ ಕೊಟ್ಟು ನೋಡಿದಾಗ ರಕ್ತದಲ್ಲಿನ ಔಷಧ ಪ್ರಮಾಣ ಏರಿತ್ತು. ಫೆನಿಟೊಯಿನ್ ಬಲು ಇಕ್ಕಟ್ಟಿನ ದಾರಿಯ ಔಷಧಿ: ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಒಳಗಿದ್ದರೆ ಸರಿ, ಮೀರಿದರೆ ಓಲಾಟ, ಕಣ್ಣು ಅದುರುವಿಕೆ, ಮಂಪರು. ಅರಿಶಿನದ ಮಾತ್ರೆಯನ್ನು ಬಿಡಿ, ಫೆನಿಟೊಯಿನ್ ಅನ್ನು ಮಾತ್ರ ಸ್ವಂತ ನಿರ್ಧಾರದಿಂದ ಬಿಡಬೇಡಿ. ಈ ವಾರವೇ ಅದರ ಪ್ರಮಾಣದ ರಕ್ತಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ಬೈಕ್ ಓಡಿಸಬೇಡಿ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರೂ ಇಂತಹ ಮಾತ್ರೆಗಳಿಂದ ದೂರವಿರಬೇಕು. ಊಟದಲ್ಲಿ ಬೀಳುವ ನಾಲ್ಕು ಕಾಳು ಮೆಣಸಿಗೆ ಹೆದರಬೇಕಾಗಿಲ್ಲ.

ಪ್ರಶ್ನೆ: ನಮ್ಮ ಕಡೆ ತಂಬುಳಿ ಮಾಡುವ ಒಂದೆಲಗವೇ ಬ್ರಾಹ್ಮಿ ಎನ್ನುತ್ತಾರೆ. ಅಂಗಡಿಯ ಬ್ರಾಹ್ಮಿ ಮಾತ್ರೆಯ ಮೇಲೆ ಬೇರೆ ಗಿಡದ ಚಿತ್ರವಿದೆ. ಮಿದುಳಿಗೆ ಒಳ್ಳೆಯದು ಯಾವುದು? ನಾವು ಸಸ್ಯಾಹಾರಿಗಳು, ಮೀನೆಣ್ಣೆಗೆ ಬದಲಾಗಿ ಅಗಸೆ ಸಾಕೇ?
— ಗೃಹಿಣಿ, ಶಿರಸಿ

ಉತ್ತರ: ಎರಡೂ ಬೇರೆ ಗಿಡಗಳು. ತುಳುವಿನಲ್ಲಿ ತಿಮರೆ ಎನ್ನುವ, ದುಂಡಗಿನ ಎಲೆಯ ಒಂದೆಲಗ ಸಂಸ್ಕೃತದ ಮಂಡೂಕಪರ್ಣಿ. ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ನೀರಿನ ಅಂಚಿನಲ್ಲಿ ಬೆಳೆಯುವ, ಪುಟ್ಟ ದಪ್ಪ ಎಲೆಗಳ ನೀರುಬ್ರಾಹ್ಮಿ. ಮನುಷ್ಯರ ಮೇಲೆ ಹೆಚ್ಚು ಪ್ರಯೋಗಗಳು ನಡೆದಿರುವುದು ನೀರುಬ್ರಾಹ್ಮಿಯ ಮೇಲೆ. 2001ರಲ್ಲಿ ಆಸ್ಟ್ರೇಲಿಯಾದವರು ಆರೋಗ್ಯವಂತರಿಗೆ ದಿನಕ್ಕೆ 300 ಮಿಲಿಗ್ರಾಂ ಸಾರವನ್ನು 12 ವಾರ ಕೊಟ್ಟು ಕಲಿಕೆಯ ವೇಗದಲ್ಲಿ ಸ್ವಲ್ಪ ಲಾಭ ಕಂಡಿದ್ದರು. ಹೊಟ್ಟೆ ತೊಳಸುವುದು, ಭೇದಿ ಇವು ಅದರ ಸಾಮಾನ್ಯ ತೊಂದರೆಗಳು. ಆರೋಗ್ಯವಂತರ ನೆನಪಿಗೂ ಮಿದುಳಿನ ಉರಿಯೂತದ ಚಿಕಿತ್ಸೆಗೂ ಬಹಳ ದೂರ. ತಂಬುಳಿಯನ್ನು ರುಚಿಗಾಗಿ ಉಣ್ಣಿರಿ. ಚರಂಡಿ ಬದಿಯಲ್ಲಿ ಬೆಳೆದದ್ದನ್ನು ಕೀಳಬೇಡಿ, ಹಸಿಯಾಗಿ ಅರೆಯುವ ಸೊಪ್ಪಾದ್ದರಿಂದ ಚೆನ್ನಾಗಿ ತೊಳೆಯಿರಿ.

ಅಗಸೆಯಲ್ಲಿರುವ ಒಮೆಗಾ-3 ಕೊಬ್ಬು ಬೇರೆ, ಬಂಗುಡೆ, ಬೂತಾಯಿ ಮೀನುಗಳಲ್ಲಿರುವ ಡಿಎಚ್‌ಎ ಎಂಬ ಒಮೆಗಾ-3 ಬೇರೆ. ಅಗಸೆಯದು ದೇಹದಲ್ಲಿ ಡಿಎಚ್‌ಎ ಆಗಿ ಬದಲಾಗುವುದು ತೀರ ಸ್ವಲ್ಪ. ಮೀನಿಗೂ ಡಿಎಚ್‌ಎ ಬರುವುದು ಪಾಚಿಯಿಂದಲೇ ಆದ್ದರಿಂದ ಸಸ್ಯಾಹಾರಿಗಳಿಗೆ ಪಾಚಿಯೆಣ್ಣೆಯ ಮಾತ್ರೆಗಳಿವೆ. ಹಾಗೆಂದು ಕಾಯಿಲೆ ಬಂದ ಮೇಲೆ ಅದು ಮದ್ದಾಗುತ್ತದೆಂದು ತಿಳಿಯಬೇಡಿ: 402 ಆಲ್ಝೈಮರ್ ರೋಗಿಗಳಿಗೆ ಪಾಚಿಯಿಂದ ತೆಗೆದ ಡಿಎಚ್‌ಎಯನ್ನು ದಿನಕ್ಕೆ 2 ಗ್ರಾಂನಂತೆ 18 ತಿಂಗಳು ಕೊಟ್ಟ ಅಮೆರಿಕದ ಪ್ರಯೋಗ 2010ರಲ್ಲಿ ಯಾವ ಲಾಭವನ್ನೂ ತೋರಿಸಲಿಲ್ಲ. ಅಗಸೆ ಚಟ್ನಿಪುಡಿ ಕರುಳಿಗೆ ಒಳ್ಳೆಯದು, ಅಷ್ಟಕ್ಕೇ ತಿನ್ನಬಹುದು.

ಪ್ರಶ್ನೆ: ನನಗೆ 31 ವರ್ಷ, ಸಾಫ್ಟ್‌ವೇರ್ ಕೆಲಸ. ಎರಡು ವರ್ಷದ ಹಿಂದೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ತಿಳಿಯಿತು. ಡೈಮಿಥೈಲ್ ಫ್ಯೂಮರೇಟ್ ಸೇವಿಸುತ್ತಿದ್ದೇನೆ. ಜೀವನಪರ್ಯಂತ ರಾಸಾಯನಿಕ ನುಂಗುವ ಬದಲು ರೋಗನಿರೋಧಕ ವ್ಯವಸ್ಥೆಯನ್ನು ತಿದ್ದುವ ಸಹಜ ಪದಾರ್ಥಗಳಿಗೆ, ಮುಖ್ಯವಾಗಿ ಹೆಚ್ಚು ಪ್ರಮಾಣದ ವಿಟಮಿನ್ ಡಿಗೆ, ಬದಲಾಯಿಸಿಕೊಳ್ಳಬಹುದೇ?
— ಓದುಗರು, ಬೆಂಗಳೂರು

ಉತ್ತರ: ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯ ಮೇಲೆ ಆಗಾಗ ದಾಳಿ ಮಾಡುವ ಕಾಯಿಲೆ. ಅದಕ್ಕಾಗಿ ತಾವು ನುಂಗುತ್ತಿರುವುದರ ಪೂರ್ವಜ ಸಹಜ ಪದಾರ್ಥವೇ. ಫ್ಯೂಮರಿಕ್ ಆಮ್ಲ ನಮ್ಮ ಪ್ರತಿಯೊಂದು ಕೋಶದಲ್ಲೂ ಶಕ್ತಿ ಉತ್ಪಾದನೆಯ ನಡುವೆ ಹುಟ್ಟಿ ಕರಗುವ ವಸ್ತು. ಅದರ ಹೆಸರು ಬಂದದ್ದು ಫ್ಯುಮೇರಿಯಾ ಎಂಬ ಗಿಡದಿಂದ. ಜರ್ಮನಿಯಲ್ಲಿ 1959ರಿಂದ ಅದರ ಎಸ್ಟರುಗಳನ್ನು (ತಮ್ಮ ಮಾತ್ರೆಯೂ ಅಂಥದೇ ಒಂದು ರೂಪ) ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಬಳಸಿದರು, 2013ರಲ್ಲಿ ಅಮೆರಿಕದಲ್ಲಿ ತಮ್ಮ ಕಾಯಿಲೆಗೆ ಅನುಮತಿ ದೊರೆಯಿತು. ಇದೇ ಕಾಯಿಲೆಗೆ 2010ರಲ್ಲಿ ಬಂದ ಫಿಂಗೊಲಿಮಾಡ್ ಕಥೆ ಇನ್ನೂ ಸ್ವಾರಸ್ಯದ್ದು. ಕೀಟಗಳ ಮೇಲೆ ಬೆಳೆಯುವ ಐಸೇರಿಯಾ ಎಂಬ ಶಿಲೀಂಧ್ರದಿಂದ ಜಪಾನಿನ ಸಂಶೋಧಕರು ಮಿರಿಯೋಸಿನ್ ಎಂಬ ವಸ್ತುವನ್ನು ತೆಗೆದರು, ಅದು ತೀರ ವಿಷಕಾರಿಯಾದ್ದರಿಂದ ಅದರ ರಚನೆಯನ್ನು ತಿದ್ದಿ, ಬಿಳಿರಕ್ತಕಣಗಳನ್ನು ದುಗ್ಧರಸ ಗ್ರಂಥಿಗಳಲ್ಲಿಯೇ (ಲಿಂಫ್ ನೋಡ್) ತಡೆದು ನಿಲ್ಲಿಸುವ ಮಾತ್ರೆಯನ್ನಾಗಿ ಮಾಡಿದರು. ಅದರ ಮೊದಲ ಮಾತ್ರೆ ನುಂಗಿದ ದಿನ ನಾಡಿ ಬಡಿತ ನಿಧಾನವಾಗಬಹುದೆಂದು ರೋಗಿಯನ್ನು ಆರು ಗಂಟೆ ಕಣ್ಗಾವಲಿನಲ್ಲಿ ಇಡುತ್ತಾರೆ. ಇವುಗಳಿಗೂ ಅಂಗಡಿಯ ಪೂರಕಗಳಿಗೂ ಇರುವ ಅಂತರ ಹುಟ್ಟಿನಲ್ಲಿಲ್ಲ; ಎಷ್ಟು ಕೊಟ್ಟರೆ ಏನಾಗುತ್ತದೆ, ಯಾರಿಗೆ ಕೊಡಬಾರದು ಎಂಬುದು ಇವುಗಳ ವಿಷಯದಲ್ಲಿ ಗೊತ್ತಿದೆ.

ವಿಟಮಿನ್ ಡಿ ಬಗ್ಗೆ ತಮ್ಮ ಆಸಕ್ತಿ ಆಧಾರವಿಲ್ಲದ್ದಲ್ಲ. ಅಮೆರಿಕದಲ್ಲಿ 25,871 ಮಂದಿಯ ಮೇಲೆ ಸುಮಾರು ಐದು ವರ್ಷ ನಡೆದ ಪ್ರಯೋಗದಲ್ಲಿ ದಿನಕ್ಕೆ 2,000 ಯೂನಿಟ್ ಪಡೆದವರಲ್ಲಿ ಆಟೊಇಮ್ಯೂನ್ ಕಾಯಿಲೆಗಳು ಶೇ. 22ರಷ್ಟು ಕಡಿಮೆ ಕಂಡವು. 2025ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗದಲ್ಲಿ, ಮೊದಲ ದಾಳಿಯಾಗಿ ಇನ್ನೂ ಬೇರೆ ಚಿಕಿತ್ಸೆ ಆರಂಭಿಸದವರಿಗೆ ಎರಡು ವಾರಕ್ಕೊಮ್ಮೆ 1,00,000 ಯೂನಿಟ್ ಕೊಟ್ಟಾಗ, ಎರಡು ವರ್ಷಗಳಲ್ಲಿ ಕಾಯಿಲೆಯ ಚಟುವಟಿಕೆ ಶೇ. 60ರಷ್ಟು ಮಂದಿಯಲ್ಲಿ ಕಂಡರೆ ಹುಸಿಮಾತ್ರೆಯವರಲ್ಲಿ ಶೇ. 74ರಷ್ಟು ಮಂದಿಯಲ್ಲಿ ಕಂಡಿತು. ಆ ಅರವತ್ತನ್ನು ಗಮನಿಸಿ: ವಿಟಮಿನ್ ಪಡೆದ ಹತ್ತರಲ್ಲಿ ಆರು ಮಂದಿಯ ಕಾಯಿಲೆ ಮುಂದುವರಿದೇ ಇತ್ತು. ಮತ್ತೊಂದೆಡೆ, ಚಿಕಿತ್ಸೆಯಲ್ಲಿದ್ದವರಿಗೆ ದಿನಕ್ಕೆ 5,000 ಯೂನಿಟ್ ಸೇರಿಸಿದ ಅಮೆರಿಕದ ಪ್ರಯೋಗದಲ್ಲಿ ದಾಳಿಗಳು ಕಡಿಮೆಯಾಗಲಿಲ್ಲ. ಆದ್ದರಿಂದ ವಿಟಮಿನ್ ಡಿ ತಮ್ಮ ಔಷಧಿಯ ಜೊತೆಗಿರಬಹುದು, ಅದರ ಜಾಗಕ್ಕೆ ಬರಲಾರದು. ಹಗಲೆಲ್ಲ ಹವಾನಿಯಂತ್ರಿತ ಕೋಣೆಯಲ್ಲಿರುವ ತಮಗೆ ಅದರ ಕೊರತೆ ಇರುವ ಸಾಧ್ಯತೆ ಹೆಚ್ಚು. ರಕ್ತಪರೀಕ್ಷೆ ಮಾಡಿಸಿ, ಕೊರತೆಯಿದ್ದಷ್ಟನ್ನು ತುಂಬಿಕೊಳ್ಳಿ. ತಾವಾಗಿ ದೊಡ್ಡ ಪ್ರಮಾಣ ನುಂಗಿದರೆ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡಬಹುದು. ಧೂಮಪಾನವಿದ್ದರೆ ಬಿಡಿ, ಈ ಕಾಯಿಲೆಯನ್ನು ಅದು ಬಿರುಸುಗೊಳಿಸುತ್ತದೆ.

ಅಶ್ವಗಂಧ, ಅಮೃತಬಳ್ಳಿ ಮುಂತಾದ ‘ಶಕ್ತಿವರ್ಧಕ’ಗಳ ಬಗ್ಗೆ ದಾವಣಗೆರೆಯ ತಾಯಿಗೆ ಹೇಳಿದ್ದೇ ತಮಗೂ ಸಲ್ಲುತ್ತದೆ. ಮಾತ್ರೆ ನುಂಗಿದಾಗ ಮುಖ ಬಿಸಿಯಾಗಿ ಕೆಂಪೇರುತ್ತಿದ್ದರೆ ಊಟದ ಜೊತೆಗೆ ತೆಗೆದುಕೊಳ್ಳಿ, ಕ್ರಮೇಣ ಕಡಿಮೆಯಾಗುತ್ತದೆ. ಆರು ತಿಂಗಳಿಗೊಮ್ಮೆ ಲಿಂಫೊಸೈಟ್ ಎಂಬ ಬಿಳಿರಕ್ತಕಣಗಳ ಎಣಿಕೆಯ ರಕ್ತಪರೀಕ್ಷೆ ಆಗಲೇಬೇಕು; ತಮ್ಮ ಪತ್ರದಲ್ಲಿ ಅದರ ಉಲ್ಲೇಖವಿಲ್ಲ. ಕಳೆದ ಬಾರಿ ಮಾಡಿಸಿ ಆರು ತಿಂಗಳು ದಾಟಿದ್ದರೆ ಮುಂದಿನ ಡಬ್ಬಿ ಕೊಳ್ಳುವ ಮೊದಲು ಮಾಡಿಸಿಕೊಳ್ಳಿ.